ಚಂದ್ರಭಾಗಾ, ಪುಟ್ಟತಾಯಿ ಮತ್ತು ನನ್ನ ಬೆನ್ನು

ಆ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಬೆನ್ನಿಗೆ ಮೊದಲ ಗುದ್ದು ಬಿತ್ತು. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೇನೆಂದರೆ, ಮುಹೂರ್ತ ತಪ್ಪಬಾರದೆಂದು ಭಟ್ಟರು ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದರು. ಅಲ್ಲಿದ್ದ ಯಾರ ಮುಖವನ್ನೂ ನೋಡುವ ಧೈರ್ಯವಿಲ್ಲದೆ ನಾನೂ ಅದನ್ನೇ ನೋಡುತ್ತಿದ್ದೆ. ಮುಖ ನೋಡಿದರೆ ನನಗೆ ಅಪಾಯ. ಎದುರಿಗಿರುವವರು ಏನು ಹೇಳಿದರೂ ‘ಹೂಂ’ ಅಂದುಬಿಡುವ ಒಂದು ಕಾಯಿಲೆ ನನಗಿದೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಇನ್ನೊಂದು ಕೂಲರ್ ಬೇಕು ಎನ್ನುವವರಿಗೂ ಹೂಂ ಅಂದಿದ್ದೇನೆ, ಅದರ ಸದ್ದಿನಲ್ಲಿ ತಲೆ ಸಿಡಿಯುತ್ತದೆ, ಬೇಡ ಎನ್ನುವವರಿಗೂ ಹೂಂ ಅಂದಿದ್ದೇನೆ. ನಾಗಪುರದ ಮೇ ತಿಂಗಳಲ್ಲಿ ಈ ಎರಡನೆಯ ಹೂಂ ಎಷ್ಟು ದೊಡ್ಡ ದ್ರೋಹವೆಂದು ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಗೊತ್ತು.

ಇದೇ ಊರಿನ ಬಜಾಜ್ ನಗರದಲ್ಲಿರುವ ನನ್ನ ತಮ್ಮ ಪ್ರಮೋದನಿಗೆ ಹೆಣ್ಣುಮಗು ಹುಟ್ಟಿತು. ನಾವು ಧಾರವಾಡದ ಕಡೆಯವರು. ಅವನ ಹೆಂಡತಿ ದೀಪಾ ಮೈಸೂರಿನವಳು. ಬಾಣಂತನಕ್ಕೆಂದು ಅವ್ವ ಬಂದಿದ್ದಳು. ಮಗುವಿಗೆ ಎರಡು ಹೆಸರುಗಳು ಸಿದ್ಧವಾಗಿದ್ದವು: ಅವ್ವನದು ಚಂದ್ರಭಾಗಾ, ದೀಪಾಳದು ಪುಟ್ಟತಾಯಿ. ಪ್ರಮೋದನ ಅಪಾರ್ಟ್‌ಮೆಂಟಿನ ಉಳಿದ ಮಕ್ಕಳೆಲ್ಲ ಕಿಯಾರಾ, ಮಾಯ್ರಾ, ಶನಾಯಾ. ಕರೆಯುವಷ್ಟರಲ್ಲಿ ಗಾಳಿಯಲ್ಲಿ ಕರಗಿಹೋಗುವ ಹೆಸರುಗಳು. ನಮ್ಮವೋ, ಹುಟ್ಟುವಾಗಲೇ ಕನ್ನಡಕ ಹಾಕಿಕೊಂಡು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಂಥವು. ಇಪ್ಪತ್ತು ದಿನದ ಕೂಸನ್ನು ನೋಡಿ ‘ಪುಟ್ಟತಾಯಿ’ ಅಂದರೆ ಎದ್ದು ಕೂತು ನನಗೇ ಬುದ್ಧಿ ಹೇಳೀತೇನೋ ಎನಿಸುತ್ತಿತ್ತು.

ಆದರೆ ಇಬ್ಬರೂ ತಮಾಷೆಗೆ ಹೇಳಿದ ಹೆಸರುಗಳಲ್ಲ ಅವು. ಚಂದ್ರಭಾಗಾ ಎಂದರೆ ಅವ್ವನ ಅತ್ತೆ, ಅಂದರೆ ನನ್ನ ಅಜ್ಜಿ. ಮದುವೆಯಾಗಿ ಬಂದ ಅವ್ವನನ್ನು ಓಣಿಯವರ ಬಾಯಿ ಮುಚ್ಚಿಸಿ ಕಾಲೇಜಿಗೆ ಕಳಿಸಿದವಳು; ಸೊಸೆ ಪರೀಕ್ಷೆಗೆ ಓದುವಾಗ ತಾನೇ ರೊಟ್ಟಿ ಬಡಿದವಳು. ಪುಟ್ಟತಾಯಿ ಎಂದರೆ ದೀಪಾಳ ಅಜ್ಜಿ. ಎರಡು ವರ್ಷದ ದೀಪಾ ತಾಯಿಯನ್ನು ಕಳೆದುಕೊಂಡಾಗ ಎತ್ತಿಕೊಂಡವಳು, ಮದುವೆ ಮಾಡಿ ಕಳಿಸುವವರೆಗೆ ಇಳಿಸಲಿಲ್ಲ. ಹೀಗಿರುವಾಗ ಯಾರಿಗೆ ಬೇಡವೆನ್ನುವುದು?

ಮೈಸೂರಿನ ಕಡೆ ಮಗುವಿನ ತಂದೆ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುತ್ತಾನೆ. ದೀಪಾ ಹಾಗೇ ಮಾಡೋಣ ಎಂದಳು. ಜನಿವಾರದ ಹುಣ್ಣಿಮೆ ಯಾವತ್ತೆಂದೂ ಗೊತ್ತಿಲ್ಲದ ನನ್ನ ತಮ್ಮನಿಗೆ ಅಂದು ಇದ್ದಕ್ಕಿದ್ದಂತೆ ಪರಂಪರೆಯ ಮೇಲೆ ಭಕ್ತಿ ಉಕ್ಕಿತು. “ಛೇ ಛೇ, ನಮ್ಮ ಕಡೆ ಸೋದರತ್ತಿನಽ ಹೆಸರಿಡಬೇಕು. ಇಲ್ಲಿ ಮರಾಠಿ ಮಂದಿನೂ ಹಂಗಽ ಮಾಡ್ತಾರ. ಪದ್ಧತಿ ಬಿಡಬಾರದು!” ಎಂದವನೇ ಕೂಲರಿಗೆ ನೀರು ತುಂಬಲು ಬಾಲ್ಕನಿಗೆ ಓಡಿದ. ನಾನು ಹಿಂದೆಯೇ ಹೋಗಿ ಹಿಡಿದರೆ, “ಅಕ್ಕಾ, ನೀ ಯಾವುದು ಹೇಳಿದ್ರೂ ನಂದು ಒಪ್ಪಿಗಿ ಐತಿ. ಆದ್ರ ನನ್ನ ಕೇಳಿದಿ ಅಂತ ಯಾರಿಗೂ ಹೇಳಬ್ಯಾಡ” ಎಂದ.

ಆ ವಾರದಲ್ಲೇ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. “ಉಷಾ, ಕಿವ್ಯಾಗ ಹೆಸರು ಹೇಳಾಕಿ ನೀ. ನಿಮ್ಮಜ್ಜಿದಽ ಹೇಳ್ತೀ ಹೌದಿಲ್ಲೋ?” ನಾನು ಹೂಂ ಅಂದೆ. ಮರುದಿನ ಮಗುವಿಗೆ ಹಾಲುಣಿಸುತ್ತ ದೀಪಾ ಮೆಲ್ಲಗೆ, “ಅತ್ತಿಗೆ, ನಮ್ಮಜ್ಜಿ ಹೆಸರು ಹೇಳ್ತೀರಾ? ನಾನು ಅತ್ತೆ ಹತ್ರ ವಾದ ಮಾಡಲ್ಲ. ನೀವು ಹೇಳಿದ್ರೆ ಮುಗೀತು” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೂಂ ಅಂದೆ. ಧರಮಪೇಠದ ನಮ್ಮ ಮನೆಗೆ ಬಂದು ಗಂಡನಿಗೆ ಹೇಳಿದರೆ, “ಎರಡೂ ಕಡೆ ಒಪ್ಪಿಕೊಂಡಿದ್ದೀಯಲ್ಲ, ಇನ್ನೇನು ಸಮಸ್ಯೆ?” ಎಂದು ಪೇಪರು ತಿರುವಿದರು.

ಈಗ ಗುದ್ದಿನ ವಿಷಯ. ನಮ್ಮಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಅವಳು ತಲೆಯೆತ್ತಿ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಗುದ್ದು ಪ್ರೀತಿಯದೇ; ಆದರೆ ಪಕ್ಕದ ಮನೆಯ ಜೋಶಿ ಕಾಕು ಅವರ ಪ್ರೀತಿ ದಿನವೂ ಬೆಳಗ್ಗೆ ತೆಂಗಿನಕಾಯಿ ಒಡೆದು ಪಳಗಿದ ಪ್ರೀತಿ.

ನಾನೊಂದು ಉಪಾಯ ಮಾಡಿಕೊಂಡಿದ್ದೆ. ಬಗ್ಗಿ, ಮಗುವಿನ ಬಲಗಿವಿಯಲ್ಲಿ ಚಂದ್ರಭಾಗಾ ಎಂದೆ. ಎಡಗಿವಿಯಲ್ಲಿ ಪುಟ್ಟತಾಯಿ ಎಂದೆ. ಕೊಟ್ಟ ಮಾತು ಎರಡೂ ಉಳಿದವು. ಉಪಾಯ ಅಲ್ಲಿಗೆ ಮುಗಿದುಹೋಗಿತ್ತು. ತಲೆಯೆತ್ತಿದ ಮೇಲೆ ಏನು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಹಾಗಾಗಿ ತಲೆ ಎತ್ತಲೇ ಇಲ್ಲ. “ಸಾಂಗ್ ನಾ ಗ, ನಾವ್ ಕಾಯ್?” ಎಂದು ಜೋಶಿ ಕಾಕು ಗುದ್ದಿದರು. “ಹೇಳವಾ, ಏನ ಹೆಸರಿಟ್ಟಿ?” ಎಂದು ಅವ್ವನೂ ಒಂದು ಕೊಟ್ಟಳು. ಹೆಸರು ಹೊರಬರುವವರೆಗೆ ಗುದ್ದು ನಿಲ್ಲಿಸುವ ಪದ್ಧತಿ ಇಲ್ಲ. ನಾನು ಬೀಳದಿರಲೆಂದು ತೊಟ್ಟಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ. ವರ್ಷಗಟ್ಟಲೆ ಹುಡುಗರಿಗೆ ಭಾರಕೇಂದ್ರದ ಪಾಠ ಹೇಳಿದ ಭೌತಶಾಸ್ತ್ರದ ಉಪನ್ಯಾಸಕಿ ನಾನು. ತೂಗುವ ತೊಟ್ಟಿಲಿನ ಒಂದೇ ಮಗ್ಗುಲಿಗೆ ನನ್ನ ಭಾರವನ್ನೆಲ್ಲ ಹಾಕಿದೆ.

ಸರಪಳಿಯ ಕೊಂಡಿಯೊಂದು ಜಾರಿತು. ತೊಟ್ಟಿಲು ವಾಲಿತು. ದುಪಟಿಯ ಸಮೇತ ಮಗು ಮೂಲೆಗೆ ಜಾರುವುದನ್ನು ನಾನು ನೋಡಿದೆ. ಒಂದು ಗೇಣಿನಷ್ಟು ಹತ್ತಿರದಿಂದ ನೋಡಿದೆ. ಕೈ ಚಾಚಬೇಕಾದವಳು ಅಂಚನ್ನು ಬಿಡದೆ ಹಿಡಿದೇ ನಿಂತೆ. ಈಗಲೂ ಪಾಠದ ನಡುವೆ, ಸಾರಿಗೆ ಉಪ್ಪು ಹಾಕುವಾಗ, ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ ಆ ಕೊಂಡಿ ಜಾರುತ್ತದೆ. ಪ್ರತಿ ಸಲವೂ ನಾನು ಕೈ ಚಾಚುತ್ತೇನೆ. ಚಾಚಬೇಕಾದಾಗ ಮಾತ್ರ ಚಾಚಲಿಲ್ಲ.

ಚಾಚಿದವರು ಅವ್ವ ಮತ್ತು ದೀಪಾ. ಒಬ್ಬಳ ಕೈ ಮಗುವಿನ ತಲೆಯ ಕೆಳಗೆ, ಇನ್ನೊಬ್ಬಳ ಕೈ ಕಾಲಿನ ಕೆಳಗೆ. ಮಗುವಿಗೆ ಗೀರೂ ಆಗಲಿಲ್ಲ; ಅದು ಒಂದು ಸಲ ಆಕಳಿಸಿತು, ಅಷ್ಟೇ. ಆದರೆ ಇಬ್ಬರೂ ಕೈ ತೆಗೆಯಲು ಒಪ್ಪಲಿಲ್ಲ. ತುಂಬಿದ ಹರಿವಾಣ ಹೊತ್ತವರಂತೆ ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಸೋಫಾದವರೆಗೆ ಹೋಗಿ, ಒಟ್ಟಿಗೇ ಕೂತು, ಒಟ್ಟಿಗೇ ಅಳಲು ಶುರು ಮಾಡಿದರು. ಹೆಸರಿನ ಮಾತು ಯಾರಿಗೂ ನೆನಪಾಗಲಿಲ್ಲ. ನಿಂತಲ್ಲೇ ನಡುಗುತ್ತಿದ್ದ ನನ್ನನ್ನೂ ಸೇರಿಸಿಕೊಂಡು ಎಲ್ಲರೂ ಡಾಕ್ಟರ ಬಳಿ ಓಡಿದೆವು. ಅವರು ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬಚ್ಚೀ ಏಕ್‌ದಮ್ ಠೀಕ್ ಹೈ. ಬುವಾಜೀ ಕೋ ಬಿಠಾಯಿಯೇ” ಎಂದು ಸೋದರತ್ತೆಯಾದ ನನಗೆ ಕುರ್ಚಿ ತೋರಿಸಿದರು.

ಅಂದಿನಿಂದ ಆ ಮನೆಯಲ್ಲಿ ನಿದ್ದೆ ಹೋಯಿತು. ತೊಟ್ಟಿಲನ್ನು ಇಳಿಸಿ ನೆಲದ ಮೇಲೆ ಹಾಸಿಗೆ ಹಾಕಿದರು. ನೆಲದಿಂದ ಕೆಳಗೆ ಬೀಳಲು ಜಾಗವಿಲ್ಲವೆಂದು ಗೊತ್ತಿದ್ದೂ ಅತ್ತೆ ಸೊಸೆ ಸರದಿಯ ಮೇಲೆ ಕಾವಲು ಕೂರುತ್ತಿದ್ದರು. ಇವರ ಗಾಬರಿ ನೋಡಿ ಮಗುವೂ ಎಚ್ಚರವಾಗಿರಲು ಕಲಿಯಿತು. ಕರೆಯಲು ಹೆಸರಿಲ್ಲದೆ ಎಲ್ಲರೂ ಅದನ್ನು ‘ಕೂಸು’, ‘ಪಾಪು’, ‘ಬಾಳ್’ ಎಂದು ಕರೆಯುತ್ತಿದ್ದರು.

ಹೀಗಿರುವಾಗ ಅವ್ವನ ಫೋನು ಬಂತು. ದನಿ ತಗ್ಗಿಸಿ, “ಉಷಾ, ದೀಪಾನ ಅಜ್ಜಿ ಹೆಸರಽ ಇಡೂಣು. ಆ ಹೊತ್ತಿನ್ಯಾಗ ಹಸೀ ಬಾಣಂತಿ ಹೆಂಗ ಜಿಗಿದು ಹಿಡಿದ್ಲು ನೋಡಿದಿಲ್ಲ? ಅಂಥಾಕಿನ್ನ ಬೆಳಿಸಿದಾಕಿ ಹೆಸರು ಸಣ್ಣದಲ್ಲ. ನಾ ಅಂದೆ ಅಂತ ಮಾತ್ರ ಹೇಳಬ್ಯಾಡ” ಎಂದಳು. ನಾನು ಹೂಂ ಅಂದೆ. ಸಂಜೆ ದೀಪಾಳ ಫೋನು. “ಅತ್ತಿಗೆ, ಚಂದ್ರಭಾಗಾ ಅಂತಾನೇ ಇಡೋಣ. ಅತ್ತೆಗೆ ಮಂಡಿ ನೋವು ಬೇರೆ, ಹೇಗೆ ಓಡಿ ಬಂದ್ರು ಗೊತ್ತಾ? ನಾನು ಹಠ ಮಾಡಬಾರದಿತ್ತು. ನಾನ್ ಹೇಳ್ದೆ ಅನ್ನಬೇಡಿ, ಪ್ಲೀಸ್.” ನಾನು ಏನು ಅಂದೆನೆಂದು ಬೇರೆ ಹೇಳಬೇಕೆ?

ಜಗಳಕ್ಕಿಂತ ಈ ತ್ಯಾಗ ಕಷ್ಟದ್ದು. ಜಗಳವಾದರೆ ಒಬ್ಬರು ಸೋತು ಮುಗಿಯುತ್ತಿತ್ತು. ಇಲ್ಲಿ ಇಬ್ಬರೂ ಸೋಲಲು ಪೈಪೋಟಿಗೆ ನಿಂತಿದ್ದರು, ಇಬ್ಬರ ಪರವಾಗಿಯೂ ನಾನಿದ್ದೆ. ಮೂರು ದಿನ ಯೋಚಿಸಿದೆ. ಚಂದ್ರಭಾಗಾಳನ್ನು ನೆನೆಯುವವರು ನಾವು ಬೇಕಾದಷ್ಟು ಮಂದಿ ಇದ್ದೇವೆ: ಅವ್ವ, ನಾನು, ಪ್ರಮೋದ, ಧಾರವಾಡದ ಅರ್ಧ ಓಣಿ. ಪುಟ್ಟತಾಯಿಯನ್ನು ನೆನೆಯಲು ಈ ಊರಿನಲ್ಲಿ ಇರುವವಳು ದೀಪಾ ಒಬ್ಬಳೇ. ಅವಳೂ ಬಿಟ್ಟುಕೊಟ್ಟರೆ ಆ ಹೆಸರನ್ನು ಕೂಗುವವರೇ ಇಲ್ಲ.

ಮುಂದಿನ ಭಾನುವಾರ ಬಜಾಜ್ ನಗರಕ್ಕೆ ಹೋದೆ. ಒಂದು ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಅದರಲ್ಲಿ ಪೀಠಿಕೆ, ಕಾರಣಗಳು, ಕೊನೆಗೆ ಕ್ಷಮಾಪಣೆ ಎಲ್ಲ ಇತ್ತು. ಊಟಕ್ಕೆ ಎಲ್ಲರೂ ಕೂತಾಗ ಅದರ ಪೈಕಿ ಎರಡೇ ಮಾತು ಹೊರಬಂದವು. “ಪುಟ್ಟತಾಯಿ. ನಾ ಸೋದರತ್ತಿ, ನಾ ಹೇಳಾಕತ್ತೀನಿ.”

ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ತೆರೆದು ನೋಡಿದರೆ ದೀಪಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅವ್ವನ ಭುಜಕ್ಕೆ ಒರಗಿದ್ದಳು. ಅವ್ವ ಅವಳ ತಲೆ ಸವರುತ್ತ ನನ್ನ ಕಡೆ ತಿರುಗಿ, “ಇದನ್ನ ಅವತ್ತಽ ಬಾಯಿಬಿಟ್ಟು ಹೇಳಿದ್ದರ ಅವತ್ತಽ ಮುಗೀತಿತ್ತಲ್ಲಽ, ತೊಟ್ಟಿಲಾ ಯಾಕ ಕೆಡವಿದಿ?” ಎಂದು ನನ್ನ ತಾಟಿಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ಪ್ರಮೋದ, “ನಾ ಮೊದಲಿಂದ ಅದನ್ನಽ ಅಂದ್ಕೊಂಡಿದ್ದೆ” ಎಂದ.

ಮನೆಗೆ ಬಂದೆನೇ ಹೊರತು ನಿದ್ದೆ ಬರಲಿಲ್ಲ. ಅವ್ವ ಮೇಲೆ ನಗುತ್ತ ಒಳಗೆ ನೊಂದಿರಬಹುದು. ತನ್ನಿಂದ ಅತ್ತೆಗೆ ನೋವಾಯಿತೆಂದು ದೀಪಾ ಹಳಹಳಿಸುತ್ತಿರಬಹುದು. ಒಂದು ಸಂಸಾರವನ್ನು ನನ್ನ ಕೈಯಾರೆ ಹೀಗೆ ಮಾಡಿದೆನಲ್ಲ ಎಂದು ಬೆಳಗಿನವರೆಗೆ ಮಗ್ಗುಲು ಬದಲಿಸಿದೆ. ಬೆಳಗಾಗುತ್ತಲೇ ಫೋನು ಮಾಡಿದೆ. ಎಷ್ಟೋ ಹೊತ್ತಿನ ಮೇಲೆ ಅವ್ವ ಎತ್ತಿದಳು.

“ಅವ್ವಾ, ರಾತ್ರಿ ನನ್ನ ಬಗ್ಗೆ ಯಾರರೆ ಏನರೆ ಅಂದ್ರೇನು?”

“ನಿನ್ನ ನೆನಪು ಯಾರಿಗಾಗ್ಬೇಕವಾ?” ಎಂದು ಅವ್ವ ಆಕಳಿಸಿದಳು. “ಕೂಸು ಒಂದಽ ನಿದ್ದಿ ತಗೀತು. ನಾವೂ ಈಗಽ ಎದ್ದೇವಿ.”

ನಾನು ಫೋನಿಟ್ಟು, ಬೆಳಗಿನ ಕ್ಲಾಸಿಗೆ ರಜೆ ಹೇಳಿ, ಮುಸುಕೆಳೆದು ಮಲಗಿದೆ.