ಅತ್ತೆಮ್ಮ ಹತ್ತಿದ ಬೆಟ್ಟದ ರೈಲು

ನಮ್ಮ ಅಂತರಸಂತೆಯವರನ್ನು ಕರೆದುಕೊಂಡು ಎಲ್ಲಿಗೆ ಹೋದರೂ, ಹೋದ ಕೆಲಸಕ್ಕಿಂತ ದಾರಿಯಲ್ಲಿ ಆದದ್ದೇ ಊರಲ್ಲಿ ಹೆಚ್ಚು ದಿನ ಓಡಾಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಊಟಿ ಬೆಟ್ಟ ಹತ್ತುವ ಉಗಿರೈಲಿಗೆ ಹೋದಾಗಲೂ ಹಾಗೇ ಆಯಿತು. ತನ್ನ ಅವ್ವನನ್ನು ಒಂದು ಸಲ ಆ ರೈಲಿನಲ್ಲಿ ಕೂರಿಸಬೇಕು ಎಂದು ನನ್ನ ಹೆಂಡತಿ ಬಹಳ ಹೇಳುತ್ತಿದ್ದಳು. ಅವಳು ತೀರಿಕೊಂಡ ಮರುವರ್ಷ, ಆ ಮಾತು ಉಳಿಸಬೇಕೆಂದು ಅತ್ತೆಮ್ಮನನ್ನು ಹೊರಡಿಸಿದೆ. ಬೀದಿಯ ನಾಲ್ಕೈದು ಮಂದಿಯೂ ವ್ಯಾನು ಹತ್ತಿದರು.

ಎತ್ತು ಎಲ್ಲಿ?

ಬೆಟ್ಟದ ಬುಡದ ಸ್ಟೇಷನ್ನಿನಲ್ಲಿ ಅತ್ತೆಮ್ಮ ನೇರವಾಗಿ ರೈಲಿನ ಮುಂದಕ್ಕೆ ಹೋಗಿ ನಿಂತರು. ಅಲ್ಲಿ ಎಂಜಿನ್ ಇರಲಿಲ್ಲ. ಈ ರೈಲಿಗೆ ಎಂಜಿನ್ ಹಿಂದಿರುತ್ತದೆ, ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆ ಎಂದು ವಿವರಿಸಿದೆ.

"ಗಾಡಿ ಮುಂದೆ, ಎತ್ತು ಹಿಂದೆ. ಇದ್ನ ಕಟ್ಟಿದೋನು ಹೊಲ ಉತ್ತೋನಲ್ಲ ಬುಡಿ ಮೇಷ್ಟ್ರೇ. ನಾ ಅತ್ತಾಕಿಲ್ಲ."

"ನಿಮ್ಮ ಮಗಳ ಆಸೆ, ಅತ್ತೆಮ್ಮ."

"ಅವಳಾದ್ರೂ ಎತ್ತು ಎಲ್ಲಿ ಕಟ್ಟವ್ರೆ ಅಂತ ನೋಡಿದ್ಲಾ?"

ನೋಡಿರಲಿಲ್ಲ.

ನಿಂಬೆಹಣ್ಣು

ಕೊನೆಗೆ, ಪೂಜೆ ಮಾಡಿ ಹತ್ತುತ್ತೇನೆ ಎಂದರು. ನಮ್ಮಲ್ಲಿ ಹೊಸ ಟ್ರ್ಯಾಕ್ಟರ್ ಬಂದರೆ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಸೆರಗಿನ ಗಂಟಿನಿಂದ ಒಂದು ಹಣ್ಣು ತೆಗೆದು ಮುಂದಿನ ಬೋಗಿಯ ಚಕ್ರಕ್ಕೆ ಇಟ್ಟು ಕೈ ಮುಗಿದರು. ಗಾರ್ಡ್ ಬಂದು ಹಣ್ಣನ್ನು ಎತ್ತಿ, ಮೂಸಿ, ಜೇಬಿಗೆ ಹಾಕಿಕೊಂಡ.

"ದೇವ್ರ ಹಣ್ಣಲ್ಲಿ ಪಾನಕ ಮಾಡ್ಕಂಡು ಕುಡಿಯಾಕೆ ನೋಡ್ತಾವ್ನೆ," ಎಂದು ನನ್ನ ಕೈ ಹಿಡಿದು ಹತ್ತಿದರು. "ನಡೀರಿ, ಅವನೂ ಇದ್ರಲ್ಲೇ ಬತ್ತಾನಲ್ಲ. ಬಿದ್ರೆ ಒಟ್ಟಿಗೇ ಬೀಳಾನ."

ಕೈ ಹಾಕಿ

ಅರ್ಧ ಬೆಟ್ಟದಲ್ಲಿ ನೀರು ತುಂಬಿಸಿಕೊಳ್ಳಲು ರೈಲು ನಿಂತಿತು. ನಮ್ಮ ಕಡೆ ಬಸ್ಸು ಏರಿನಲ್ಲಿ ನಿಂತರೆ ಯಾರೂ ಹೇಳುವುದು ಬೇಡ, ಗಂಡಸರು ಇಳಿದು ತಳ್ಳುತ್ತಾರೆ. ಅದೇ ಅಭ್ಯಾಸ. ನಮ್ಮ ಬೀದಿಯವರೆಲ್ಲ ಪಂಚೆ ಎತ್ತಿ ಕಟ್ಟಿ, ಇಳಿದು, ಬೋಗಿಗೆ ಹೆಗಲು ಕೊಟ್ಟರು. ಎಂಜಿನ್ನಿಗೆ ನೀರು ಬಿಡುತ್ತಿದ್ದಾರೆ, ಆಮೇಲೆ ತಾನೇ ಹೊರಡುತ್ತದೆ ಎಂದು ಕೂತಲ್ಲಿಂದಲೇ ಎರಡು ಸಲ ಹೇಳಿದೆ.

"ಊರೋರೆಲ್ಲ ತಳ್ಳುವಾಗ ಕೂತ್ಕಂಡು ಪಾಠ ಹೇಳ್ತೀರಲ್ಲ ಮೇಷ್ಟ್ರೇ," ಎಂದರು ಅತ್ತೆಮ್ಮ. "ನೀವೂ ಇಳ್ದು ಕೈ ಹಾಕಿ. ಇಲ್ಲಾಂದ್ರೆ ನಾ ಇಲ್ಲೇ ಇಳ್ಕಂಡು ವಾಪಸ್ ನಡೀತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟರು. ಹೆಂಡತಿಯ ಆಸೆ ಅರ್ಧ ಬೆಟ್ಟದಲ್ಲೇ ಇಳಿದು ಹೋಗುವುದರಲ್ಲಿತ್ತು. ಬೇರೆ ದಾರಿ ಕಾಣದೆ ನಾನೂ ಇಳಿದೆ. ಪರಿಚಯದವರು ಯಾರೂ ನೋಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಬೋಗಿಗೆ ಎರಡು ಬೆರಳು ತಾಗಿಸಿದೆ. ಅದೇ ಹೊತ್ತಿಗೆ ಎಂಜಿನ್ ಕೂಗಿತು, ರೈಲು ಹೊರಟಿತು. ನಾವೆಲ್ಲ ಓಡಿ ಹತ್ತಿಕೊಂಡೆವು.

ಅತ್ತೆಮ್ಮ ಬೆಟ್ಟದ ತುದಿಯವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ. ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕೂತು ಬೀದಿಯ ಹೆಂಗಸರಿಗೆಲ್ಲ ಹೇಳಿದರು:

"ಅಷ್ಟು ಜನ ತಳ್ಳುದ್ರೂ ಅಲ್ಲಾಡ್ನಿಲ್ಲ ಕಣ್ರವ್ವ. ನಮ್ಮ ಮೇಷ್ಟ್ರು ಎರಡು ಬೆರಳು ಮಡುಗುದ್ರು, ಓಯ್ತು. ಮಗಳ್ನ ಕೊಡುವಾಗ ಈ ಅಳಿಯನ ಕೈಲಿ ಇಷ್ಟು ಕಸುವದೆ ಅಂತ ನಂಗೆ ಗೊತ್ತೇ ಇರ್ನಿಲ್ಲ."