ಪಕ್ಕದ ಮನೆಯ ಮಗ್ಗವೂ ನನ್ನ ಬಿಟ್ಟಿ ಮೋಡೆಮ್ಮೂ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಒಬ್ಬರಾದರೂ ಬಗ್ಗಿ ನೋಡಿದರೇ? ನಾನಂತೂ ಎಡವಿದಲ್ಲೆಲ್ಲ ಮೊದಲು ನೆಲವನ್ನೇ ವಿಚಾರಿಸಿಕೊಂಡವನು. ಲೆಕ್ಕ ತಪ್ಪಿದರೆ ಕ್ಯಾಲ್ಕ್ಯುಲೇಟರು, ಹಾಲು ಉಕ್ಕಿದರೆ ಒಲೆ, ಸ್ಕೂಟರಿನಿಂದ ಬಿದ್ದರೆ ರಸ್ತೆ. ಹೀಗೆ ಬದುಕಿದರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಹೊಸತು. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದ ನನಗೆ, ಮನೆಯಲ್ಲೇ ಕೂತು ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋ ಹುಚ್ಚು ಹಿಡಿಯಿತು. ಪರೀಕ್ಷೆ ಬರೆದು ಲೈಸೆನ್ಸೂ ಪಡೆದೆ. ಹೊಸಕೋಟೆಯ ಗೆಳೆಯ ಮುನಿರಾಜುವಿಗೂ ಇದೇ ಕಾಯಿಲೆ. ಮಾತಾಡಿ ಸಾಕಾದ ಮೇಲೆ, "ಪ್ಯಾಕೆಟ್ ರೇಡಿಯೋ ಮಾಡೋಣ ಕಣೋ" ಎಂದ. ಅವನ ಕಂಪ್ಯೂಟರು ಅಕ್ಷರಗಳನ್ನು ಕಿರ್ರೆನ್ನುವ ಸದ್ದಾಗಿಸಿ ರೇಡಿಯೋದಲ್ಲಿ ಕಳಿಸುತ್ತದೆ. ನನ್ನದು ಆ ಸದ್ದನ್ನು ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಇದಕ್ಕೆ ಮೋಡೆಮ್ ಎಂಬ ಪೆಟ್ಟಿಗೆ ಬೇಕು. ಆದರೆ ಅದೇ ಕೆಲಸ ಮಾಡುವ ಸಾಫ್ಟ್‌ವೇರು ಬಿಟ್ಟಿ ಸಿಗುವಾಗ ಪೆಟ್ಟಿಗೆ ಕೊಳ್ಳುವವನು ನಾನಲ್ಲ. ಕೇಬಲ್ಲಿಗೂ ಕಾಸು ಬಿಚ್ಚದೆ, ರೇಡಿಯೋವನ್ನು ಲ್ಯಾಪ್‌ಟಾಪಿನ ಮೈಕಿನ ಮುಂದೆ, ಮಾತುಕತೆಗೆ ಬಂದ ಬೀಗರ ಹಾಗೆ ಎದುರುಬದುರು ಕೂರಿಸಿದೆ.

ಒಂದಕ್ಷರವೂ ಮೂಡಲಿಲ್ಲ. ಕಾರಣ ನನಗೆ ತಕ್ಷಣ ಹೊಳೆಯಿತು: ಪಕ್ಕದ ನಂಜುಂಡಪ್ಪನವರ ಮಗ್ಗಗಳು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಎಲ್ಲಿದೆ? ಕರೆಂಟು ಹೋಗಿ ಮಗ್ಗ ನಿಂತಾಗ ಊರೆಲ್ಲ ಶಾಪ ಹಾಕಿದರೆ ನಾನೊಬ್ಬ ಖುಷಿಯಿಂದ ಬ್ಯಾಟರಿ ರೇಡಿಯೋ ಹತ್ತಿರ ಓಡುತ್ತಿದ್ದೆ. ಆದರೆ ಆ ಹೊತ್ತಿಗೆ ಸರಿಯಾಗಿ ಮುನಿರಾಜು ಡ್ಯೂಟಿಯಲ್ಲಿರುತ್ತಿದ್ದ. ಕೊನೆಗೆ, ಮನೆಯನ್ನೇ ಬದಲಾಯಿಸೋಣ ಎಂದು ಹೆಂಡತಿ ಶಾರದೆಯ ಹತ್ತಿರ ಕೂಗಾಡಿದೆ.

"ಈ ಸದ್ದಲ್ಲೇ ಮಗು ನಿದ್ದೆ ಮಾಡತ್ತೆ. ನಿಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ ಅಡ್ಡಿನಾ?" ಎಂದಳು. "ಈ ಮನೇಲಿ ನೀರಿಗೆ ತೊಂದರೆ ಇಲ್ಲ. ನಾನ್ ಬರಲ್ಲ. ನೀವೂ ನಿಮ್ಮ ರೇಡಿಯೋನೂ ಹೋಗಿ."

ನನ್ನ ಕೂಗು ಕಾಂಪೌಂಡು ದಾಟಿತ್ತು. ಸಂಜೆ ನಂಜುಂಡಪ್ಪನವರೇ ಬಂದರು.

"ನಮ್ ಮಗ್ಗದಿಂದ ತೊಂದ್ರೆ ಅಂತಲ್ಲ ಸಾರ್, ಒಂದ್ ಮಾತು ಹೇಳೋದಲ್ವಾ? ಭಾನುವಾರ ಒಂದರ್ಧ ಗಂಟೆ ನಿಲ್ಲಿಸ್ತೀನಿ ಬಿಡಿ. ಮದುವೆ ಸೀರೆ ಆರ್ಡರ್ ಐತೆ, ಹೆಂಗೋ ಆಗತ್ತೆ."

ಮುನಿರಾಜುವಿಗೆ ಫೋನಿನಲ್ಲಿ ಸಮಯ ಹೇಳಿಟ್ಟೆ. ಭಾನುವಾರ ಮಗ್ಗಗಳು ನಿಂತವು. ಕರೆಂಟಿದ್ದೂ ಮಗ್ಗ ನಿಂತದ್ದಕ್ಕೆ ಎದುರುಮನೆಯ ಅಜ್ಜಿ ಹೊರಗೆ ಬಂದು, "ಯಾರ್ ಹೋಗ್ಬಿಟ್ರಪ್ಪಾ?" ಎಂದು ಗಾಬರಿಯಿಂದ ಕೇಳಿದರು. ನಂಜುಂಡಪ್ಪನವರು ನೇಯುವವರನ್ನೂ ಕರೆತಂದು ನಮ್ಮ ಹಾಲ್‌ನಲ್ಲಿ ನಿಂತರು. ಶಾರದೆ ಎಲ್ಲರಿಗೂ ಕಾಫಿ ಕೊಟ್ಟಳು. ಮುನಿರಾಜುವಿನ ಕಿರ್ರ್ ಸದ್ದು ಸ್ಪಷ್ಟವಾಗಿ ಬಂತು. ಪರದೆ ಖಾಲಿ. ಇನ್ನೊಮ್ಮೆ ಬಂತು. ಆಗಲೂ ಖಾಲಿ.

"ಬಂತಾ ಸಾರ್?" ಎಂದರು ನಂಜುಂಡಪ್ಪನವರು.

ಆಗ ಕಂಡಿತು. ಪರದೆಯ ಮೂಲೆಯಲ್ಲಿ ಮೈಕಿನ ಸಣ್ಣ ಚಿತ್ರ, ಅದರ ಮೇಲೆ ಕೆಂಪು ಗುರುತು. ಇಷ್ಟು ದಿನವೂ ಮೈಕು ಬಂದ್ ಆಗಿತ್ತು! ಒಮ್ಮೆ ಒತ್ತಿದರೆ ಸರಿಹೋಗುತ್ತಿತ್ತು. ಆದರೆ ಮದುವೆ ಸೀರೆ ಬಿಟ್ಟು ಬಂದವರ ಎದುರು ಒತ್ತುವುದು ಹೇಗೆ? ದೇವರು ದೊಡ್ಡವನು, ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಗುಂಯ್ಗುಟ್ಟಿತು.

"ನೋಡಿ, ಇದರ ಕಾಟ!" ಎಂದು ಮೇಲೆ ಕೈ ತೋರಿಸಿದೆ.

ನಂಜುಂಡಪ್ಪನವರು ಸೂರನ್ನು ನೋಡಿ ನಿಟ್ಟುಸಿರಿಟ್ಟರು. "ಮಗ್ಗ ಆದ್ರೆ ನಿಲ್ಲಿಸ್ಬೋದು ಸಾರ್. ವಿಮಾನ ನಿಲ್ಲಿಸೋದು ನಮ್ ಕೈಲಾಗಲ್ಲ. ಬೇಕಾದ್ರೆ ಮುಂದಿನ ಭಾನುವಾರಾನೂ ಮಗ್ಗ ನಿಲ್ಲಿಸ್ತೀನಿ."

ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ಹೋಗಿ ಮಗ್ಗ ಹಾಕುವವರೆಗೆ ಕಾದು, ಮೈಕಿನ ಚಿತ್ರ ಒತ್ತಿದೆ. ಆ ಟಕಟಕ ಸದ್ದಿನ ನಡುವೆಯೇ ಮುನಿರಾಜುವಿನ ಸಂದೇಶ ಒಂದಕ್ಷರವೂ ತಪ್ಪದೆ ಮೂಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: "ಮಗ್ಗ ನಿಲ್ಲಿಸಿದ್ರಾ, ಇಲ್ವಾ?"

ಶಾರದೆ ಕಾಫಿ ಲೋಟ ಎತ್ತುತ್ತಾ ಅದನ್ನು ಓದಿದಳು. "ಉತ್ತರ ಕೊಡಿ ಮತ್ತೆ," ಎಂದಳು.

ಅವಳು ಅಡುಗೆಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮುನಿರಾಜುವಿಗೆ ಫೋನ್ ಮಾಡಿದೆ. "ನಿನ್ ಕಡೆನೇ ಏನೋ ದೋಷ ಇತ್ತು ಕಣೋ," ಎಂದೆ, "ನಾನು ಇಲ್ಲಿಂದಲೇ ಸರಿಮಾಡಿದೆ."