ಮುಂದಿನ ಚಕ್ರದ ಗಾಳಿ

"ದಿನಾ ಬೆಳಿಗ್ಗೆ ಈ ಮುಂದಿನ ಚಕ್ರದ ಗಾಳಿ ಎಲ್ಲಿಗೆ ಹೋಗ್ತದೆ, ಗಂಗಾ?"

ಗಂಡ ಹೀಗೆ ಕೇಳಿದರೆ ಸಿದ್ದಗಂಗಮ್ಮನವರು ಅಂಗಳಕ್ಕೆ ಇನ್ನೊಂದು ಚೊಂಬು ನೀರು ಹಾಕುವರು. (ಉತ್ತರ ಗೊತ್ತಿಲ್ಲದೆ ಅಲ್ಲ, ಗಾಳಿ ಬಿಟ್ಟವರು ತಾವೇ ಎಂದು ಯಾವ ಬಾಯಲ್ಲಿ ಹೇಳುವುದು?)

ಮಧುಗಿರಿಯ ವಿಜ್ಞಾನದ ಮೇಷ್ಟ್ರು ನಂದೀಶ್ವರಯ್ಯನವರು ನಲವತ್ತೈದನೆಯ ವಯಸ್ಸಿನಲ್ಲಿ ತಮ್ಮ ಹೊಟ್ಟೆಯ ಸುತ್ತಳತೆಯನ್ನು ಟೇಪು ಹಿಡಿದು ಅಳೆದು, ಸೈಕಲ್ಲೇ ರಾಷ್ಟ್ರೋದ್ಧಾರದ ಏಕೈಕ ಮಾರ್ಗವೆಂದು ಸಾರಿದ್ದರು. ಪೂಜೆಯಾಗದೆ ಹತ್ತಬಾರದೆಂದು, ಹೊಸ ಸೈಕಲ್ಲನ್ನು ಅಂಗಡಿಯಿಂದ ತಳ್ಳಿಕೊಂಡೇ ತಂದರು.

"ನೋಡೇ, ಸ್ಕೂಲು ಎರಡು ಮೈಲಿ. ಬಸ್ಸಿಗೆ ದಿನಕ್ಕೆ ನಾಲ್ಕಾಣೆ. ಇದು ಹುಲ್ಲು ಕೇಳಲ್ಲ, ಪೆಟ್ರೋಲು ಕೇಳಲ್ಲ. ತಿನ್ನೋದು ನನ್ನ ಬೊಜ್ಜು ಒಂದೇ!"

"ಬೊಜ್ಜಿನ ಜೊತೆ ಮೂಳೇನೂ ತಿಂದ್ರೆ? ಸಿರಾ ಬಸ್ಸು ಮೈಮೇಲೆ ಬಂದ್ರೆ ನಿಮ್ಮ ವಿಜ್ಞಾನ ಬಂದು ನನ್ನ ತಾಳಿ ಉಳಿಸ್ತದಾ?"

ವಾದದಲ್ಲಿ ಸೋತ ಸಿದ್ದಗಂಗಮ್ಮನವರು ಕಾರ್ಯಾಚರಣೆಗಿಳಿದರು. ಪೂಜೆಯ ದಿನವೇ, ಅಂಗಳಕ್ಕೆ ನೀರು ಹಾಕುವ ನೆಪದಲ್ಲಿ ಮುಂದಿನ ಚಕ್ರದ ಗಾಳಿ ತಿರುಪು ಸಡಿಲಿಸಿದರು: ಬುಸ್! ಇನ್ನು ಬಸ್ಸೇ ಗತಿಯೆಂದು ಅವರ ಎಣಿಕೆ. ಮೇಷ್ಟ್ರಾದರೋ, ಮಧುಗಿರಿ ಬಂಡೆಯ ಕಾವಿಗೂ ರಬ್ಬರಿನ ದೌರ್ಬಲ್ಯಕ್ಕೂ ಸಂಬಂಧ ಕಲ್ಪಿಸಿ ಭಾಷಣ ಬಿಗಿದು, ಸೈಕಲ್ಲನ್ನು ತಳ್ಳಿಕೊಂಡೇ ಶಾಲೆಗೆ ಹೊರಟರು. ಸಂಜೆ ಹಾಗೆಯೇ ತಳ್ಳಿಕೊಂಡು ಬಂದು, ಬಸ್‌ಸ್ಟ್ಯಾಂಡಿನ ಶಫೀವುಲ್ಲಾ ಸಾಬರ ಅಂಗಡಿಯಲ್ಲಿ ಗಾಳಿ ತುಂಬಿಸಿದರು. ಅಲ್ಲಿಂದ ಮನೆಗೂ ತಳ್ಳುವುದೇ. (ಲ್ಯಾಂಪಿಲ್ಲದೆ ಹತ್ತಿದರೆ ಪೊಲೀಸರು ಹಿಡಿಯುತ್ತಾರಂತೆ.) ಇದೇ ನಿತ್ಯದ ಪಾಡಾಯಿತು.

ಆರು ತಿಂಗಳಲ್ಲಿ ಹೊಟ್ಟೆ ನಾಲ್ಕಂಗುಲ ಕರಗಿತು. ಉಳಿದ ಬಸ್ ಚಾರ್ಜು ಸೀರೆಯಾಗಿ ಸಿದ್ದಗಂಗಮ್ಮನವರ ಮೈಮೇಲೆ ಬಂತು. ಮೇಷ್ಟ್ರ ಉಪನ್ಯಾಸ ಕೇಳಿ ಶಾಲೆಯ ಗುಮಾಸ್ತೆ ರುದ್ರಯ್ಯನವರೂ ಸೈಕಲ್ ಕೊಂಡರು. ಸಿದ್ದಗಂಗಮ್ಮನವರಿಗೆ ಉಟ್ಟ ಸೀರೆ ಚುಚ್ಚತೊಡಗಿತು. 'ತಳ್ಳಿದ್ರೇ ಇಷ್ಟು, ತುಳಿದ್ರೆ ಇನ್ನೆಷ್ಟೋ' ಎಂದು ಪಶ್ಚಾತ್ತಾಪಪಟ್ಟು, ಒಂದು ಬೆಳಿಗ್ಗೆ ಅವರು ತಿರುಪು ಮುಟ್ಟಲಿಲ್ಲ.

ಮೇಷ್ಟ್ರು ಚಕ್ರ ಒತ್ತಿದರು. ಮತ್ತೆ ಒತ್ತಿದರು. ಕಲ್ಲಿನಂತಿತ್ತು. ಮುಖ ಬಿಳಿಚಿತು.

"ಯಾಕೋ ತಲೆ ಸುತ್ತು ಕಣೇ... ಇವತ್ತು ಬಸ್ಸಲ್ಲೇ ಹೋಗ್ಬುಡ್ತೀನಿ."

ಸದ್ಯ, ಈ ತಲೆಸುತ್ತು ಸೈಕಲ್ ಮೇಲೆ ಬಂದಿದ್ದರೆ! ಸಿದ್ದಗಂಗಮ್ಮನವರು ಮರುದಿನದಿಂದ ಇಮ್ಮಡಿ ಶ್ರದ್ಧೆಯಿಂದ ಗಾಳಿ ಬಿಟ್ಟರು. ಗಂಡನ ಜೀವ ಕಾಯುತ್ತಿರುವವಳು ತಾನೆಂದು ಒಳಗೊಳಗೇ ಬೀಗಿದರು.

ಮೇಷ್ಟ್ರು ಎಂಬತ್ತೊಂದರವರೆಗೆ ಗಟ್ಟಿಮುಟ್ಟಾಗಿ ಬಾಳಿ, ನಿದ್ದೆಯಲ್ಲೇ ಹೊರಟುಹೋದರು. ಮಾತಾಡಿಸಲು ಬಂದ ಶಫೀವುಲ್ಲಾ ಸಾಬರು ಬಹಳ ಹೊತ್ತು ಟೋಪಿ ಸರಿಮಾಡಿಕೊಂಡರು.

"ಅಮ್ಮಾವ್ರೆ, ಈಗ ಹೇಳಿದ್ರೆ ತಪ್ಪಿಲ್ಲ. ದಿನಾ ಸಂಜೆ ಮೇಷ್ಟ್ರು, 'ಜಾಸ್ತಿ ಹೊಡೀಬ್ಯಾಡಿ ಸಾಬ್ರೆ, ಬೆಳಿಗ್ಗೆ ನಮ್ಮವಳು ಬಿಡಬೇಕು' ಅಂತಿದ್ರು. ಪಾಪ, ಅವರಿಗೆ ಸೈಕಲ್ ಹತ್ತಕ್ಕೇ ಬರ್ತಿರಲಿಲ್ಲ."